ಅಕ್ಕನ ಬೀರುವಿನಲ್ಲಿದ್ದ ನಾಕು ಲೆನ್ಸು

ಹೋದ ಸಲ ಹುರುಳಿಕಾಳಿನ ಬಸ್ಸಾರು ಬರೆದು, ಮುಂದಿನ ಸಲ ಮುದ್ದೆ ಗಂಟಾಗದ ಹಾಗೆ ತಿರುವೋದು ಹೇಗೆ ಅಂತ ಬರೀತಿನಿ ಅಂದಿದ್ದೆ. ಪಕ್ಕದ ಮನೆ ದೊಡ್ಡವ್ವ ಎರಡು ಸಲ ಕೇಳಿದ್ದೂ ಆಯ್ತು, "ಯಾಕವ್ವ, ಮುದ್ದ ಎಲ್ಲೋಯ್ತು?" ಅಂತ. ಮುದ್ದೆ ಎಲ್ಲೂ ಹೋಗಿಲ್ಲ ಕಣ್ರವ್ವ, ದಿನಾ ಮಾಡಿ ಉಣ್ತಾನೇ ಇದ್ದೀವಿ. ಆದರೆ ಈ ಒಂದು ತಿಂಗಳು ನನ್ನ ತಲೆ ತುಂಬ ಇದ್ದದ್ದು ಕ್ಯಾಮೆರಾ ಲೆನ್ಸು. ನಗಬ್ಯಾಡಿ. ಕುಂತೂರಲ್ಲಿ ಒಲೆ ಮುಂದೆ ಇರೋಳಿಗೆ ಲೆನ್ಸು ಯಾಕೆ ಬಂತು ಅಂತ ಮೊದಲಿಂದ ಹೇಳ್ತೀನಿ.

ಕೊಳ್ಳೇಗಾಲದ ನಮ್ಮಕ್ಕನ ಕತೆ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಭಾವ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದರು. ಮದುವೆ, ನಾಮಕರಣ, ರೇಷನ್ ಕಾರ್ಡಿನ ಫೋಟೋ, ಜಾತ್ರೆ ಅಂತ ಜೀವನ ನಡೀತಿತ್ತು. ಅವರು ಹೋಗಿ ಎರಡು ವರ್ಷ. ಆಸ್ಪತ್ರೆ ಖರ್ಚಿಗೆ ಅಂತ ಮೊದಲು ದೊಡ್ಡ ಕ್ಯಾಮೆರಾ ಹೋಯ್ತು, ಆಮೇಲೆ ಲೈಟು, ಕೊನೆಗೆ ಅಂಗಡಿ. ಉಳಿದದ್ದು ಒಂದು ಕಪ್ಪು ಬ್ಯಾಗು, ಅದರೊಳಗೆ ನಾಕು ಲೆನ್ಸು. ಜೊತೆಗೆ ಯಾರೂ ಕೇಳದ ಒಂದು ಹಳೇ ರೀಲ್ ಕ್ಯಾಮೆರಾ. ಅಕ್ಕ ಅದೆಲ್ಲಾನೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದಳು.

ಈಗ ಮಗಳ ಬಿ.ಎಡ್. ಫೀಸು ಕಟ್ಟಬೇಕಾಗಿ ಬಂತು. ಯಾರೋ ಹೇಳಿದರು ಅಂತ ಹಳೇ ಸಾಮಾನು ಕೊಳ್ಳೋನೊಬ್ಬ ತನ್ನದೇ ಒಂದು ಪುಟ್ಟ ಕ್ಯಾಮೆರಾ ತಗಲಿಸಿಕೊಂಡು ಮನೆಗೆ ಬಂದ. ಒಂದೊಂದೇ ಲೆನ್ಸು ಅದಕ್ಕೆ ಹಾಕಿ ನೋಡಿದ. ಸಣ್ಣದೊಂದು ಚೆನ್ನಾಗಿದೆ, 2,000 ಅಂದ. ಮೊಂಡಗಿದ್ದ ಇನ್ನೊಂದಕ್ಕೆ ಬೂಷ್ಟು ಹಿಡಿದದೆ, 500 ಅಂದ. ಉದ್ದಂದರ ಮೋಟ್ರು ಸತ್ತದೆ, ಆದರೂ ಪಟ ತೆಗೀತದೆ, 2,500 ಅಂದ. ಎಲ್ಲಕ್ಕಿಂತ ದಪ್ಪ ಇದ್ದದ್ದನ್ನ ಹಾಕಿದಾಗ ಕ್ಯಾಮೆರಾ ಪಟ ತೆಗೀಲೇ ಇಲ್ಲ, ಏನೋ ಅಕ್ಷರ ಮಿಣಮಿಣ ಅಂತು. "ಇದು ಕೆಟ್ಟೋಗದ ಅಕ್ಕ, ಗುಜ್ರಿಗ 1,000 ಕೊಡ್ತಿನಿ" ಅಂದನಂತೆ. ಒಟ್ಟು 6,000.

ರಾತ್ರಿ ಅಕ್ಕ ಫೋನ್ ಮಾಡಿದಳು. "ನಾಳ ಬತ್ತಾನಂತ ಕನವ್ವ, ಕೊಟ್ಬುಡ್ಲಾ? ಇಟ್ಕಂಡು ನಾನೇನ್ ಮಾಡ್ಲಿ."

ನನಗೂ ಏನೂ ಗೊತ್ತಿರಲಿಲ್ಲ. ಆದರೂ ಆ ದಪ್ಪಂದು ಮನೆಗೆ ಬಂದ ದಿನ ನೆನಪಿತ್ತು. ಭಾವ ಅದಕ್ಕಾಗಿ ಅಕ್ಕನ ಎರಡು ಬಳೆ ಅಡ ಇಟ್ಟು, ಬಿಡಿಸಿಕೊಳ್ಳೋಕೆ ಒಂದೂವರೆ ವರ್ಷ ಆಗಿತ್ತು. ಬಳೆ ಅಡ ಇಟ್ಟು ತಂದದ್ದು 1,000 ರೂಪಾಯಿ ಹೇಗಾಗ್ತದೆ? "ತಡಿ, ಯಾರ್ಗೂ ಕೊಡ್ಬ್ಯಾಡ, ನಾ ಬತ್ತಿನಿ" ಅಂದೆ.

ಬೆಳಿಗ್ಗೆ ಕಬ್ಬಿನ ಲಾರಿಗಳ ಹಿಂದೆ ತೆವಳಿಕೊಂಡು ಬಸ್ಸು ಕೊಳ್ಳೇಗಾಲಕ್ಕೆ ಹೋಗೋ ಅಷ್ಟೊತ್ತಿಗೆ ಹತ್ತು ಗಂಟೆ. ಅಕ್ಕ ಭಾವನ ಬಿಳಿ ಪಂಚೆ ಹಾಸಿ ನಾಕನ್ನೂ ಸಾಲಾಗಿ ಇಟ್ಟಿದ್ದಳು, ದೇವರ ಮುಂದೆ ಹಣ್ಣಿಟ್ಟ ಹಾಗೆ. ಅವಳಿಗೆ ಅವುಗಳ ಹೆಸರು ಗೊತ್ತಿಲ್ಲ. ಸಣ್ಣದು, ಮೊಂಡಂದು, ಉದ್ದಂದು, ದಪ್ಪಂದು, ಇಷ್ಟೇ. "ಇಪ್ಪತ್ನಾಕು ವರ್ಷ ಈ ಬ್ಯಾಗ್ ಹೊತ್ತಿವ್ನಿ. ಒರ್ಸಾಕೂ ಬುಡ್ತಿರ್ನಿಲ್ಲ ನಿಮ್ ಭಾವ, ಗೀರಾಯ್ತದ ಅಂತ" ಅಂದಳು.

ನಾನು, ಅಕ್ಕ, ಅವಳ ಮಗಳು ಮೂರೂ ಜನ ಕೂತೆವು. ಹುಡುಗಿ ನೋಟ್‌ಬುಕ್ ತಕ್ಕೊಂಡಳು. ಲೆನ್ಸಿನ ಮೇಲೆ ಏನೇನು ಬರೆದದೆಯೋ ಅದನ್ನೆಲ್ಲ ಮೊದಲು ಹಾಗೇ ಬರ್ಕೊ, ಅರ್ಥ ಆಮೇಲೆ ನೋಡಾಣ ಅಂದೆ. ಕನ್ನಡಕ ಹಾಕ್ಕೊಂಡು ತಿರುಗಿಸಿ ತಿರುಗಿಸಿ ಓದಿದ್ದು. ನಾಕೂ ನಿಕಾನ್ ಕಂಪನಿಯವು. ಸಣ್ಣದರ ಮೇಲೆ 18-55, 1:3.5-5.6. ಮೊಂಡಂದರ ಮೇಲೆ 50, 1:1.8. ಉದ್ದಂದರ ಮೇಲೆ 70-300, 1:4-5.6. ದಪ್ಪಂದರ ಮೇಲೆ 80-200, 1:2.8. ಜೊತೆಗೆ ಎ.ಎಫ್., ಡಿ, ಜಿ, ಇ.ಡಿ. ಅಂತ ಅಕ್ಷರಗಳು. ಎಲ್ಲದರಲ್ಲೂ ಒಂದು ಸೊನ್ನೆ, ಅದರ ಮೇಲೆ ಅಡ್ಡ ಗೀಟು, ಪಕ್ಕದಲ್ಲಿ ಇನ್ನೊಂದು ಅಂಕಿ.

"ಸೊನ್ನ ಹೊಡ್ದಾಕವ್ರ ನೋಡು. ಅದ್ಕೇಯ ಅಂವ ಏನೂ ಬೆಲ ಇಲ್ಲ ಅಂದದ್ದು" ಅಂದಳು ಅಕ್ಕ.

ಅಂಕಿ ನೋಡಿದ ಕೂಡಲೇ ನನಗೂ ಹಾಗೇ ಅನ್ನಿಸಿತು. 300 ದೊಡ್ಡದು, 200 ಚಿಕ್ಕದು. ಕೊಳ್ಳೋಕೆ ಬಂದೋನೂ ಅದನ್ನೇ ಹೇಳಿದ್ದನಂತೆ, ಉದ್ದಂದು 300, ದಪ್ಪಂದು ಬರೀ 200, ಅದು ಹಳೇ ಕಾಲದ್ದು ಅಂತ. ಸರಿ, ಈ ಅಂಕಿ ಏನು? ಎಂ.ಎಂ. ಅಂತ ಇತ್ತಲ್ಲ, ಲೆನ್ಸಿನ ಉದ್ದವೇ ಇರಬೇಕು ಅಂತ ಹೊಲಿಗೆ ಟೇಪು ಹಿಡಿದೆ. ಲೆಕ್ಕ ಕೂಡಲಿಲ್ಲ. ಹುಡುಗಿ ಮೊಬೈಲಲ್ಲಿ ಓದಿ ಹೇಳಿದಳು. ನಾವು ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಹತ್ತಿ ಸುಡ್ತಿದ್ದೆವಲ್ಲ, ಗಾಜನ್ನ ಹಿಂದೆ ಮುಂದೆ ಮಾಡಿದಾಗ ಒಂದು ಕಡೆ ಬೆಳಕು ಚುಕ್ಕಿ ಆಗ್ತದಲ್ಲ, ಗಾಜಿಗೂ ಆ ಚುಕ್ಕಿಗೂ ಇರೋ ದೂರ ಅಂತೆ ಅದು. ಕ್ಯಾಮೆರಾ ಲೆನ್ಸಿನೊಳಗೆ ಗಾಜು ಒಂದಲ್ಲ, ಹಲವು ಇರ್ತವೆ. ಅದಕ್ಕೇ ಆ ಅಳತೆ ಮೇಲಿನಿಂದ ಟೇಪಿಗೆ ಸಿಗೋದಿಲ್ಲ. ಆ ದೂರ ಕಮ್ಮಿ ಇದ್ದಷ್ಟೂ ಅಗಲ ಕಾಣ್ತದೆ, ಹೆಚ್ಚಿದ್ದಷ್ಟೂ ದೂರದ್ದು ಹತ್ತಿರ ಬರ್ತದೆ. 18ರಲ್ಲಿ ಬಾಗಿಲಲ್ಲಿ ನಿಂತರೆ ಇಡೀ ನಡುಮನೆ ಬರ್ತದೆ. 200ರಲ್ಲಿ ಬೀದಿ ಕೊನೇಲಿರೋ ತೇರಿನ ಕಳಸ ಒಂದೇ ಬರ್ತದೆ. ಎರಡು ಅಂಕಿ ಇದ್ದರೆ ಅದು ಜೂಮು, ಅಷ್ಟರಿಂದ ಇಷ್ಟಕ್ಕೆ ಹಿಗ್ಗಿ ಕುಗ್ಗತದೆ. 50 ಅಂತ ಒಂದೇ ಇದ್ದರೆ ನಾವೇ ಕಾಲಲ್ಲಿ ನಡೆದು ಹತ್ತಿರ ಹೋಗಬೇಕು.

ಇಲ್ಲಿವರೆಗೂ ಕೊಳ್ಳೋನು ಹೇಳಿದ್ದೇ ಸರಿ ಅನ್ನೋ ಹಾಗಿತ್ತು. ಎಡವಟ್ಟು ಇದ್ದದ್ದು ಆ 1:2.8ರಲ್ಲಿ.

ಲೆನ್ಸಿನ ಒಳಗೆ ಎಲೆ ಎಲೆಯಾಗಿ ಮುಚ್ಚಿ ತೆರೆಯೋ ಒಂದು ಕಿಂಡಿ ಉಂಟು. ನಮ್ಮ ಹಳೇ ಹೆಂಚಿನ ಮನೆಗಳ ಬೆಳಕಿಂಡಿ ಇದ್ದ ಹಾಗೆ. 1:2.8 ಅಂದರೆ ಆ ಚುಕ್ಕಿ ದೂರವನ್ನ 2.8ರಿಂದ ಭಾಗಿಸಿದರೆ ಎಷ್ಟೋ, ಕಿಂಡಿ ಅಷ್ಟು ಅಗಲ ತೆರೀತದೆ ಅಂತ. ಭಾಗ ಮಾಡೋ ಲೆಕ್ಕ ಆದ್ದರಿಂದ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅಕ್ಕನಿಗೆ ಇದು ಬುದ್ಧಿಗೆ ಹತ್ತಲಿಲ್ಲ. "ಒಂದು ರೊಟ್ಟಿನ ಎರಡು ಜನ ಹಂಚ್ಕಂಡ್ರ ಹೆಚ್ಚು ಸಿಕ್ಕದೋ, ಎಂಟು ಜನ ಹಂಚ್ಕಂಡ್ರ ಹೆಚ್ಚೋ?" ಅಂದೆ. "ಓ, ಹಂಗಾ" ಅಂದಳು.

ಆಮೇಲೆ ಅಂಕಿಗಳ ಸಾಲು. ಮೊಂಡಂದರ ಬುಡದಲ್ಲಿರೋ ಬಳೇಲಿ ಬರೆದದೆ: 1.8, 2.8, 4, 5.6, 8, 11, 16, 22. ಇದೇನು ಅಡ್ಡಾದಿಡ್ಡಿ ಲೆಕ್ಕ ಅಂತ ಮೂರು ಜನಾನೂ ತಲೆ ಕೆಡಿಸಿಕೊಂಡೆವು. ನನಗೆ ಹೊಳೆದದ್ದು ಅವ್ವನ ಅಳತೆ ಸಾಮಾನು. ಸೇರು, ಅಚ್ಚೇರು, ಪಾವು, ಅರೆಪಾವು. ಪ್ರತಿ ಸಲವೂ ಅರ್ಧ. ಇಲ್ಲೂ ಹಾಗೇ, 2.8ರಿಂದ 4ಕ್ಕೆ ಹೋದರೆ ಒಳಗೆ ಬರೋ ಬೆಳಕು ಅರ್ಧ, 5.6ಕ್ಕೆ ಹೋದರೆ ಅದರಲ್ಲೂ ಅರ್ಧ. ಅಂಕಿ 2.8 ಇದ್ದದ್ದು 5.6 ಅಂತ ಎರಡರಷ್ಟಾದಾಗ ಬೆಳಕು ಅರ್ಧ ಆಗಬೇಕಿತ್ತಲ್ಲ, ಕಾಲು ಯಾಕಾಯ್ತು? ರೊಟ್ಟಿ ತಟ್ಟೋರಿಗೆ ಇದು ಗೊತ್ತು. ಅಡ್ಡಗಲ ಅರ್ಧ ಮಾಡಿ ತಟ್ಟಿದರೆ ಹಿಟ್ಟು ಅರ್ಧ ಹಿಡಿಯೋಲ್ಲ, ಕಾಲು ಭಾಗ ಮಾತ್ರ ಹಿಡೀತದೆ. ದುಂಡಗಿರೋದರ ಲೆಕ್ಕವೇ ಹಾಗೆ.

ಈಗ ಎರಡು ಲೆನ್ಸನ್ನೂ ಪಕ್ಕ ಇಟ್ಟು ನೋಡಿ. ಉದ್ದಂದರ ಮೇಲೆ 1:4-5.6 ಅಂತ ಎರಡು ಅಂಕಿ. ಹತ್ತಿರಕ್ಕೆ ಎಳೆದಾಗ 4, ಪೂರಾ 300ಕ್ಕೆ ಹಿಗ್ಗಿಸಿದಾಗ 5.6. ಹಿಗ್ಗಿದಷ್ಟೂ ಬೆಳಕು ಕಮ್ಮಿ. ದಪ್ಪಂದರ ಮೇಲೆ ಒಂದೇ, 2.8. ಎಲ್ಲಿಗೆ ಎಳೆದರೂ ಅಷ್ಟೇ. ಪೂರಾ ಹಿಗ್ಗಿಸಿದಾಗ ದಪ್ಪಂದು ಒಂದು ಸೇರು ಬೆಳಕು ತಂದರೆ ಉದ್ದಂದು ತರೋದು ಒಂದು ಪಾವು. 300 ದೊಡ್ಡದೋ 200 ದೊಡ್ಡದೋ ಅನ್ನೋದಲ್ಲ, ಬೆಲೆ ನಿಂತಿರೋದು ಈ ಸೇರು ಪಾವಿನ ಮೇಲೆ.

ಹೊಡೆದುಹಾಕಿದ ಸೊನ್ನೆಯೂ ಆಮೇಲೆ ಬಗೆಹರೀತು. ಅದು ಸೊನ್ನೆಯಲ್ಲ, ಅಡ್ಡಗಲ ಅನ್ನೋ ಗುರುತು. ಮುಂದಿನ ಬಾಯಿಗೆ ತಿರುಪಿ ಹಾಕೋ ಫಿಲ್ಟರ್ ಗಾಜು ಎಷ್ಟು ಅಗಲದ್ದು ಬೇಕು ಅಂತ ಹೇಳ್ತದೆ. ದಪ್ಪಂದರಲ್ಲಿ 77, ಉದ್ದಂದರಲ್ಲಿ 62. 200ನ್ನ 2.8ರಿಂದ ಭಾಗಿಸಿದರೆ 71ರ ಮೇಲೆ ಬರ್ತದೆ. ಅಷ್ಟು ಅಗಲದ ಬೆಳಕು ಒಳಗೆ ಬರಬೇಕು ಅಂದರೆ ಬಾಯಿ 77 ಇರಲೇಬೇಕಾಯ್ತಲ್ಲ. 300ನ್ನ 5.6ರಿಂದ ಭಾಗಿಸಿದರೆ 54ರೊಳಗೆ, ಅದಕ್ಕೆ 62 ಸಾಕು. ಈ ಸಲ ಟೇಪು ಹಿಡಿದರೆ ಲೆಕ್ಕ ಕೂಡ್ತು. ನನಗಾದ ಸಂತೋಷ ಏನು ಹೇಳಲಿ, ಶಾಲೇಲಿ ಗಣಿತದ ಮೇಷ್ಟರ ಕೈಲಿ ಒಂದು ಸಲವೂ ಶಹಭಾಸ್ ಅನ್ನಿಸಿಕೊಂಡೋಳಲ್ಲ ನಾನು. ಪಕ್ಕದ ಮನೆಯವರ ಗೂಡು ತೂಗೋ ತಕ್ಕಡಿ ತಂದು ತೂಗಿದೆವು. ಉದ್ದಂದು ಅರ್ಧ ಕೆ.ಜಿ.ಗೂ ಕಮ್ಮಿ. ದಪ್ಪಂದು ಒಂದು ಕಾಲು ಕೆ.ಜಿ. ದಾಟ್ತು. ಅಷ್ಟೂ ಗಾಜು. ಇ.ಡಿ. ಅಂತ ಬರೆದಿರೋದು ಗಾಜಿನ ಜಾತಿ, ಬೆಳಕಿನ ಬಣ್ಣಗಳು ಅಂಚಿನಲ್ಲಿ ಚೆದುರದ ಹಾಗೆ ಹಿಡಿಯೋ ದುಬಾರಿ ಗಾಜು.

ಅಷ್ಟೊತ್ತಿಗೆ ಅಕ್ಕನಿಗೇ ನೆನಪಾಯ್ತು. "ಇದ ತಂದದ್ದೇ ಚಿಕ್ಕಲ್ಲೂರ್ ಜಾತ್ರಗ ಕನವ್ವ" ಅಂದಳು. ಚಿಕ್ಕಲ್ಲೂರಲ್ಲಿ ಸಿದ್ದಪ್ಪಾಜಿ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸ್ತಾರೆ. ಅದು ಯಾವ ದಿಕ್ಕಿಗೆ ಚೆನ್ನಾಗಿ ಉರೀತದೋ ಆ ಕಡೆ ಮಳೆ ಬೆಳೆ ಅಂತ ಜನ ಕಾಯ್ಕೊಂಡು ನಿಂತಿರ್ತಾರೆ. ಕತ್ತಲು, ಜನಜಂಗುಳಿ, ಹತ್ತಿರ ಹೋಗೋ ಹಾಗಿಲ್ಲ, ಫ್ಲಾಶ್ ಹೊಡೆದರೆ ಬೆಂಕಿಯ ಕಳೆಯೇ ಸತ್ತುಹೋಗ್ತದೆ. ದೂರದಿಂದ, ಇರೋ ಬೆಳಕಲ್ಲೇ ತೆಗೀಬೇಕು. ಬಳೆ ಅಡ ಇಟ್ಟದ್ದು ಅದಕ್ಕೆ. ಆ ಪಟ ಸ್ಟುಡಿಯೋ ಗೋಡೇಲಿತ್ತು, ನೀವೂ ನೋಡಿದ್ದೀರಿ. ಅದರ ಪಕ್ಕದಲ್ಲೇ ವಿ.ಕೆ. ಮೂರ್ತಿಯವರದ್ದೊಂದು ಫೋಟೋ ಅಂಟಿಸಿದ್ದರು ಭಾವ. ನಮ್ಮ ಮೈಸೂರಿನವರು, ಗುರುದತ್ ಸಿನಿಮಾಗಳ ಕ್ಯಾಮೆರಾ ಮಾಡಿದೋರು. ಇಂಡಿಯಾದ ಮೊದಲ ಸಿನಿಮಾಸ್ಕೋಪ್ ಪಿಚ್ಚರು, 1959ರ 'ಕಾಗಜ್ ಕೆ ಫೂಲ್' ಅವರದ್ದೇ. ಅಗಲದ ನೋಟವನ್ನ ಅಡ್ಡಕ್ಕೆ ಹಿಚುಕಿ ರೀಲಿನೊಳಗೆ ಕೂರಿಸಿ, ತೋರಿಸೋವಾಗ ಮತ್ತೆ ಹಿಗ್ಗಿಸೋ ಲೆನ್ಸು ಅದಕ್ಕೆ. ಕನ್ನಡದಲ್ಲೂ 'ಹೂವು ಹಣ್ಣು' ಸಿನಿಮಾಗೆ ಕ್ಯಾಮೆರಾ ಮಾಡಿದ್ದಾರೆ. ಭಾವ ಇದನ್ನೆಲ್ಲ ಗಿರಾಕಿಗಳಿಗೆ ಕೂರಿಸಿಕೊಂಡು ಹೇಳೋರು. ಮನೇಲಿ ಹೇಳಿದ್ದು ಕಮ್ಮಿ.

ಸರಿ, ದಪ್ಪಂದು ದುಬಾರಿಯದೇ. ಆದರೆ ಕೆಟ್ಟುಹೋಗಿದ್ದರೆ ಏನು ಮಾಡೋದು? ಮೋಟ್ರು ಸತ್ತದೆ ಅಂದಿದ್ದನಲ್ಲ. ಅಕ್ಷರ ಓದಿದಾಗ ಅದೂ ಒಸಿ ತಿಳೀತು. ಸಣ್ಣದರ ಮೇಲೆ ಎ.ಎಫ್. ಆದಮೇಲೆ ಒಂದು ಎಸ್ ಇದೆ. ಮಿಕ್ಕ ಮೂರರ ಮೇಲೂ ಬರೀ ಎ.ಎಫ್. ಎಸ್ ಇದ್ದರೆ ಲೆನ್ಸಿನ ಹೊಟ್ಟೆಯೊಳಗೇ ಮೋಟ್ರು ಇದೆ ಅಂತ. ಇಲ್ಲದಿದ್ದರೆ ಕ್ಯಾಮೆರಾದಲ್ಲಿರೋ ಮೋಟ್ರು ಒಂದು ತಿರುಪಿನ ಮೂಲಕ ಲೆನ್ಸನ್ನ ತಿರುಗಿಸಬೇಕು. ಆ ಕಂಪನಿಯ ಪುಟ್ಟ ಕ್ಯಾಮೆರಾಗಳಲ್ಲಿ ಆ ಮೋಟ್ರು ಇರೋಲ್ಲ. ಇಲ್ಲದ ಮೋಟ್ರು ಸಾಯೋದು ಹೇಗೆ ಹೇಳಿ! ಅವನು ಗೊತ್ತಿಲ್ಲದೆ ಹೇಳಿದನೋ ಗೊತ್ತಿದ್ದೇ ಹೇಳಿದನೋ, ಅದನ್ನ ನಾನು ಹೇಳಲಾರೆ.

ಇನ್ನು ಮಿಣಮಿಣ ಅಂದ ಅಕ್ಷರ. ಹುಡುಗಿ ಆವತ್ತು ಅದನ್ನ ನೋಡಿದ್ದಳು. "ಎಫ್, ಇ, ಇ ಅಂತ ಬತ್ತಿತ್ತು ಚಿಕ್ಕವ್ವ" ಅಂದಳು.

"ಫೀ ಅಂತಲಾ?" ಅಂದಳು ಅಕ್ಕ. "ಅದ್ಕೂ ಗೊತ್ತಾಯ್ತು ನೋಡು ನಮ್ ಕಷ್ಟ." ಎರಡು ವರ್ಷದಲ್ಲಿ ಅಕ್ಕ ನಕ್ಕದ್ದು ನಾನು ಆವತ್ತೇ ನೋಡಿದ್ದು.

ದಪ್ಪಂದರ ಮೇಲೆ ಡಿ ಅಂತ ಇತ್ತು, ಉದ್ದಂದರ ಮೇಲೆ ಜಿ. ಡಿ ಲೆನ್ಸು ಎದುರಿಗಿರೋದು ಎಷ್ಟು ದೂರದಲ್ಲಿದೆ ಅಂತ ಕ್ಯಾಮೆರಾಗೆ ತಿಳಿಸ್ತದೆ, ಬುಡದಲ್ಲಿ ಕಿಂಡಿ ತಿರುಗಿಸೋ ಬಳೆಯೂ ಇರ್ತದೆ. ಜಿ ಅನ್ನೋದರಲ್ಲಿ ಆ ಬಳೆಯೇ ಇಲ್ಲ, ಎಲ್ಲಾ ಕ್ಯಾಮೆರಾನೇ ನೋಡಿಕೊಳ್ತದೆ. ಅದಕ್ಕೇ ಉದ್ದಂದು ಪಟ ತೆಗೀತು. ಬಳೆ ಇರೋದು ಯಾಕೆ ತೆಗೀಲಿಲ್ಲ ಅಂತ ಯೋಚಿಸ್ತಾ ನಾನು ಬಳೆಯನ್ನ ಟಿಕ್ ಟಿಕ್ ಅಂತ ಸುಮ್ಮನೆ ತಿರುಗಿಸ್ತಾ ಇದ್ದೆ. ಅಕ್ಕ ಕಿವಿ ಕೊಟ್ಟು ಕೇಳಿದಳು. "ಹಂಗಲ್ಲ ಕನವ್ವ. ನಿಮ್ ಭಾವ ಬ್ಯಾಗ್ಗ ಹಾಕಾಗ ಕೊನಗಂಟ ತಿರ್ಗಿಸ್ಬುಟ್ಟು ಏನೋ ಟಕ್ ಅನ್ನಿಸ್ತಿದ್ರು."

ನೋಡಿದರೆ ಬಳೆಯಲ್ಲಿ 22 ಒಂದು ಮಾತ್ರ ಕಿತ್ತಳೆ ಬಣ್ಣ. ಅಲ್ಲಿಗೆ ತಿರುಗಿಸಿದರೆ ಪಕ್ಕದಲ್ಲಿ ಉಗುರಿಗೆ ಸಿಗೋ ಅಷ್ಟು ಸಣ್ಣ ಚಿಲಕ. ಸರಿಸಿದೆ. ಟಕ್ ಅಂತು. ಅಕ್ಕ ತಲೆ ಆಡಿಸಿದಳು, "ಹೂಂ, ಅದೇಯ". ಡಿ ಲೆನ್ಸನ್ನ ಈಗಿನ ಕ್ಯಾಮೆರಾಗೆ ಹಾಕೋವಾಗ ಬಳೆ 22ರಲ್ಲಿ ಬೀಗ ಹಾಕಿರಬೇಕು, ಇಲ್ಲದಿದ್ದರೆ ಕ್ಯಾಮೆರಾ ಎಫ್ ಇ ಇ ಅಂತ ಹಠ ಮಾಡ್ತದೆ. ಮನೆಗೆ ಬಂದ ಮಕ್ಕಳು ಯಾವತ್ತೋ ಆಡ್ತಾ ಬಳೆ ತಿರುಗಿಸಿದ್ದವು, ಅಷ್ಟೇ ಆಗಿದ್ದದ್ದು.

ಭಾವನ ಹತ್ತಿರ ಕೆಲಸ ಕಲಿತ ಹುಡುಗನೊಬ್ಬ ಈಗ ಯಳಂದೂರಲ್ಲಿ ಮದುವೆ ಫೋಟೋ ತೆಗೀತಾನೆ. ಅವನನ್ನ ಕರೆಸಿದೆವು. ಮೋಟ್ರಿರೋ ದೊಡ್ಡ ಕ್ಯಾಮೆರಾ ತಂದಿದ್ದ. ದಪ್ಪಂದು ಹಾಕಿ ಗುಂಡಿ ಒತ್ತಿದ, ಕರ್ ಅಂತ ತಿರುಗಿ ಬೀದಿ ಆಚೆ ತುಳಸಿಕಟ್ಟೆ ಎಲೆ ಎಲೆಯಾಗಿ ನಿಂತುಬಿಡ್ತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು, ಕಾಫಿ ಮಾಡ್ತಿನಿ ಅಂತ.

ಮೊಂಡಂದರ ವಿಚಾರದಲ್ಲಿ ಮಾತ್ರ ಆ ಕೊಳ್ಳೋನು ಹೇಳಿದ್ದು ನಿಜ. ಹುಡುಗ ಮೊಬೈಲ್ ಟಾರ್ಚು ಹಿಂದಿನಿಂದ ಬಿಟ್ಟು ತೋರಿಸಿದ. ಗಾಜಿನೊಳಗೆ ಜೇಡರ ಬಲೆ ಥರ ಬೂಷ್ಟು ಬೇರು ಬಿಟ್ಟಿತ್ತು. ಚರ್ಮದ ಚೀಲದೊಳಗೆ ಹಾಕಿ, ಬಟ್ಟೆ ಸುತ್ತಿ, ಗಾಳಿ ಬೆಳಕಿಲ್ಲದ ಬೀರುವಿನಲ್ಲಿ ಎರಡು ಮಳೆಗಾಲ. ಚರ್ಮ, ಬಟ್ಟೆ ಎರಡೂ ತೇವ ಹಿಡಿದು ಕೂರ್ತವೆ. ನಿಮ್ಮ ಮನೆಗಳಲ್ಲಿ ಕ್ಯಾಮೆರಾ ಇದ್ದರೆ, ಅಥವಾ ಮಾವನವರ ಕಾಲದ ದುರ್ಬೀನು ಇದ್ದರೂ ಸರಿ, ಸೀರೆ ಜೊತೆ ಇಡಬ್ಯಾಡಿ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರ್ತದಲ್ಲ ಹರಳಿನ ಪೊಟ್ಟಣ, ಅದನ್ನ ಜೊತೆಗಿಡಿ. ಆಗಾಗ ಹೊರಗೆ ತೆಗೆದು ನೋಡ್ತಿರಿ. ಅಕ್ಕಿಯೊಳಗೆ ಹೂಳಬ್ಯಾಡಿ, ಅದರ ಧೂಳು ಒಳಗೆ ಹೋಗ್ತದೆ.

ಯಳಂದೂರಿನ ಹುಡುಗನೇ ಮೈಸೂರಿನ ತನ್ನ ಪರಿಚಯದೋರಿಗೆ ತೋರಿಸಿ, ದಪ್ಪಂದು ಒಂದನ್ನೇ 26,000ಕ್ಕೆ ಮಾರಿಸಿಕೊಟ್ಟ. ಉದ್ದಂದೂ ಸಣ್ಣದೂ ಸೇರಿ 5,000. ಫೀಸು ಕಟ್ಟಾಯ್ತು. ಕಳಿಸೋ ಹಿಂದಿನ ರಾತ್ರಿ ಅಕ್ಕ ಆ ಲೆನ್ಸನ್ನ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳಂತೆ, ಮಗಳು ಹೇಳಿದಳು. ನನಗೆ ಅವಳು ಅದನ್ನ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ಒಂದಿನ ಕುಂಡ್ರಿಸ್ಕಂಡು ಹೇಳ್ಕೊಟ್ಟಿದ್ರ ನಂಗೂ ತಿಳೀತಿತ್ತಲ್ವಾ. ಅಂಥಾ ಕಷ್ಟದ್ದೇನಿತ್ತು ಅದ್ರಲಿ." ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಬೂಷ್ಟು ಹಿಡಿದ ಮೊಂಡಂದು ಅಕ್ಕನ ಹತ್ತಿರವೇ ಉಳಿದದೆ. ಹಳೇ ರೀಲ್ ಕ್ಯಾಮೆರಾಗೆ ಅದು ಸರಿಯಾಗಿ ಕೂರ್ತದೆ. ಆ ಕ್ಯಾಮೆರಾದಲ್ಲಿ ಬಳೆಗೆ ಬೀಗ ಬ್ಯಾಡ, ಕಿಂಡಿಯನ್ನ ನಮ್ಮ ಕೈಯಲ್ಲೇ ತಿರುಗಿಸಬೇಕು. ಮಗಳು ಒಂದು ರೀಲು ತರಿಸಿದ್ದಾಳೆ.

ಮೊನ್ನೆ ಶುಕ್ರವಾರ ನಾನು ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ಅಕ್ಕನ ಫೋನು. ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ. "ಇದ್ರ ನಡು ಗೀಟಿನ ಆ ಕಡ ಈ ಕಡ ಒಂದೇ ಅಂಕಿ ಎರಡು ಸಲ ಬರ್ದಿತ್ತಲ್ಲ, ಅದ್ಯಾಕ ಅಂತ ಗೊತ್ತಾ ನಿಂಗ?"

"ಇಲ್ಲಕ್ಕ" ಅಂದೆ.

"ನಾವು ಸೂಜಿಗ ದಾರ ಪೋಣ್ಸಾಗ ಕಣ್ಣ ಕಿರ್ದು ಮಾಡಂವಲ್ವಾ, ಹಂಗ. ಕಿಂಡಿ ಕಿರ್ದಾದಷ್ಟೂ ಹಿಂದಂದು ಮುಂದಂದು ಎರಡೂ ನಿಚ್ಚಳ ಬತ್ತದ. 22ಕ್ಕ ಇಟ್ರ ಈ 22ರಿಂದ ಆ 22ರಗಂಟ ಎಷ್ಟಡಿ ಬರ್ದದ ನೋಡ್ಕಬೇಕು, ಅಷ್ಟ್ರೊಳಗ ಇರೋರ ಮೊಕ ಎಲ್ಲಾ ನಿಚ್ಚಳ. ಕೊನೇಲಿ ಎಂಟು ಮಲಿಕಂಡದ ನೋಡು, ಅದು ಬೆಟ್ಟದಷ್ಟು ದೂರ ಅಂತ." ಒಂದು ಗಳಿಗೆ ಸುಮ್ಮನಿದ್ದಳು. "ಭಾನುವಾರ ಬಂದ್ಬುಡು. ಅವ್ವನ್ನೂ ಕರ್ಕಂಡ್ ಬಾ, ಬೆಳಕಿದ್ದಂಗೇ ಬನ್ನಿ."